ಸವತಿ ಮಾತ್ಸರ್ಯವೋ, ಖಿನ್ನತೆಯೋ? ಗಂಡನ ಎರಡನೇ ಮದುವೆ ಮತ್ತು ಹೆಣ್ಣಿನ ಮಾನಸಿಕ ಆರೋಗ್ಯ

ಹಾಸನ ಜಿಲ್ಲೆಯ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ‘ಸವತಿಗಂಧವಾರಣ ಬಸದಿ’ ಎಂಬ ಬಸದಿ ಇದೆ. ಹೊಯ್ಸಳ ದೊರೆ ವಿಷ್ಣುವರ್ಧನನ ರಾಣಿ ಶಾಂತಲೆ ಇದನ್ನು 1123ರಲ್ಲಿ ಕಟ್ಟಿಸಿದಳು. ಗಂಧವಾರಣ ಎಂದರೆ ಮದವೇರಿದ ಆನೆ. ಸವತಿಯರ ಪಾಲಿಗೆ ಮದ್ದಾನೆ ಎಂಬುದು ಶಾಂತಲೆಗಿದ್ದ ಬಿರುದು. ಒಂದೇ ಅರಮನೆಯಲ್ಲಿ ಹಲವು ರಾಣಿಯರು ಇದ್ದರೆ ಅವರ ನಡುವೆ ಪೈಪೋಟಿ ಇದ್ದೇ ಇರುತ್ತದೆ ಎಂದು ಆಗಿನ ಕಾಲದವರು ಒಪ್ಪಿಕೊಂಡಿದ್ದರು, ಅದನ್ನೇ ಬಿರುದಾಗಿಯೂ ಕೊಟ್ಟರು.

ಒಂಬೈನೂರು ವರ್ಷಗಳ ನಂತರವೂ ನಮ್ಮ ಮಾತಿನಲ್ಲಿ ಆ ನಂಬಿಕೆ ಉಳಿದಿದೆ. ಅದೇ ಜಿಲ್ಲೆಯ ಪಶ್ಚಿಮದ ತುದಿಯಲ್ಲಿರುವ ಸಕಲೇಶಪುರ, ಆಲೂರಿನ ಗುಡ್ಡಗಳ ಕಡೆ ಇರಲಿ, ಬಯಲುಸೀಮೆಯಲ್ಲಿರಲಿ, ಗಂಡ ಇನ್ನೊಬ್ಬಳನ್ನು ಮದುವೆಯಾದ ಮೇಲೆ ಹೆಂಡತಿ ಊಟ ಬಿಟ್ಟರೆ, ನಿದ್ದೆ ಬಾರದೆ ಎದ್ದು ಕೂತರೆ, ಕೆಲಸಕ್ಕೆ ಹೋಗದೆ ಮಲಗಿದರೆ ಸುತ್ತಲಿನವರು ಹೇಳುವುದು ಒಂದೇ ಮಾತು: “ಸವತಿ ಮಾತ್ಸರ್ಯ ಕಣಮ್ಮ. ಸ್ವಲ್ಪ ದಿನ ಹೋದ್ರೆ ತಾನೇ ಸರಿಹೋಗುತ್ತೆ.”

ಈ ಮಾತಿನಲ್ಲಿ ಎರಡು ವಾದಗಳು ಅಡಗಿವೆ. ಒಂದು, ಈ ಸಂಕಟ ಹೆಣ್ಣಿನ ಹುಟ್ಟುಗುಣ. ಎರಡು, ಅದು ತನ್ನಷ್ಟಕ್ಕೆ ತಾನೇ ಹೋಗುತ್ತದೆ. ಈ ಎರಡೂ ವಾದಗಳು ಎಷ್ಟು ನಿಜ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಮುಖ್ಯಾಂಶಗಳು

• ಒಬ್ಬ ಗಂಡ, ಒಂದಕ್ಕಿಂತ ಹೆಚ್ಚು ಹೆಂಡತಿಯರು ಇರುವ ಸಂಸಾರಗಳಲ್ಲಿ ಹೆಂಗಸರಿಗೆ ಖಿನ್ನತೆ, ಆತಂಕ ಹೆಚ್ಚಾಗಿ ಕಾಣುತ್ತವೆ ಎಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ.
• ಇದು ಹೆಣ್ಣಿನ ಸ್ವಭಾವದ ದೋಷವಲ್ಲ. ಮೋಸ, ಬಡತನ, ಸ್ಥಾನ ಕಳೆದುಕೊಳ್ಳುವುದು ಮತ್ತು ಹೊರಬರಲು ದಾರಿ ಇಲ್ಲದಿರುವುದು ಮುಖ್ಯ ಕಾರಣಗಳು.
• ಖಿನ್ನತೆ ಒಂದು ಕಾಯಿಲೆ. ಅದಕ್ಕೆ ಚಿಕಿತ್ಸೆ ಇದೆ, ಸರ್ಕಾರಿ ಆಸ್ಪತ್ರೆಯಲ್ಲೂ ಸಿಗುತ್ತದೆ.
• ಮೊದಲನೆಯವಳಿಗೂ ಎರಡನೆಯವಳಿಗೂ ಮಕ್ಕಳಿಗೂ ಬೇರೆಬೇರೆ ಕಾನೂನು ಹಕ್ಕುಗಳಿವೆ. ಅವು ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ.

ಬಹುಪತ್ನಿತ್ವ ನಮ್ಮಲ್ಲಿ ಎಷ್ಟಿದೆ?

ಗಂಡಸಿಗೆ ಒಂದೇ ಕಾಲದಲ್ಲಿ ಒಂದಕ್ಕಿಂತ ಹೆಚ್ಚು ಹೆಂಡತಿಯರಿರುವುದನ್ನು ಬಹುಪತ್ನಿತ್ವ ಎನ್ನುತ್ತಾರೆ. ಮೊದಲ ಹೆಂಡತಿ ತೀರಿಕೊಂಡ ಮೇಲೆ ಅಥವಾ ವಿಚ್ಛೇದನದ ನಂತರ ಮತ್ತೆ ಮದುವೆಯಾಗುವುದು ಇದಲ್ಲ.

2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ವಿವಾಹಿತ ಮಹಿಳೆಯರನ್ನು, ನಿಮ್ಮನ್ನು ಬಿಟ್ಟು ನಿಮ್ಮ ಗಂಡನಿಗೆ ಬೇರೆ ಹೆಂಡತಿಯರಿದ್ದಾರೆಯೇ ಎಂದು ಕೇಳಲಾಗಿತ್ತು. ದೇಶದಲ್ಲಿ ಶೇ 1.4ರಷ್ಟು ಮಹಿಳೆಯರು ಹೌದು ಎಂದರು. 2005–06ರಲ್ಲಿ ಈ ಪ್ರಮಾಣ ಶೇ 1.9 ಇತ್ತು. ಅಂದರೆ ಇಳಿಯುತ್ತಿದೆ, ಆದರೆ ನಿಂತಿಲ್ಲ. ನೂರಕ್ಕೆ ಒಂದೂವರೆಗಿಂತ ಕಡಿಮೆ ಎಂದರೆ ಸಣ್ಣ ಸಂಖ್ಯೆಯಂತೆ ಕೇಳಿಸುತ್ತದೆ. ನಮ್ಮಷ್ಟು ದೊಡ್ಡ ದೇಶದಲ್ಲಿ ಅದು ಲಕ್ಷಾಂತರ ಹೆಂಗಸರ ಲೆಕ್ಕ. ಮದುವೆಯೆಂದು ಹೆಸರಿಡದ ‘ಸಂಬಂಧ’ಗಳು ಈ ಲೆಕ್ಕಕ್ಕೆ ಬರುವುದೂ ಕಷ್ಟ.

ಇಲ್ಲೇ ಒಂದು ತಪ್ಪು ನಂಬಿಕೆಯನ್ನು ಬದಿಗಿಡೋಣ. “ಇದು ಮುಸ್ಲಿಮರಲ್ಲಿ ಮಾತ್ರ ಇರುವ ಪದ್ಧತಿ” ಎಂದು ಬಹಳ ಜನ ತಿಳಿದಿದ್ದಾರೆ. ಅದೇ ಸಮೀಕ್ಷೆಯ ಪ್ರಕಾರ ಮುಸ್ಲಿಂ ಮಹಿಳೆಯರಲ್ಲಿ ಈ ಪ್ರಮಾಣ ಶೇ 1.9, ಹಿಂದೂ ಮಹಿಳೆಯರಲ್ಲಿ ಶೇ 1.3, ಪರಿಶಿಷ್ಟ ಪಂಗಡಗಳಲ್ಲಿ ಶೇ 2.4. ವ್ಯತ್ಯಾಸ ಇದೆ, ಆದರೆ ನಾವು ಊಹಿಸುವಷ್ಟಿಲ್ಲ. ದೇಶದಲ್ಲಿ ಹಿಂದೂಗಳ ಸಂಖ್ಯೆ ಹೆಚ್ಚಿರುವುದರಿಂದ, ತಲೆ ಎಣಿಸಿದರೆ ಇಂಥ ಸಂಸಾರಗಳಲ್ಲಿರುವ ಮಹಿಳೆಯರಲ್ಲಿ ಹಿಂದೂಗಳೇ ಹೆಚ್ಚು. 1961ರ ಜನಗಣತಿಯ ಜೊತೆ ನಡೆದ ಸಮೀಕ್ಷೆಯಲ್ಲಂತೂ ಹಿಂದೂಗಳಲ್ಲಿ ಶೇ 5.8, ಮುಸ್ಲಿಮರಲ್ಲಿ ಶೇ 5.7 ಎಂದು ಬಹುತೇಕ ಸಮವಾಗಿ ದಾಖಲಾಗಿತ್ತು. ಬಡತನ, ಓದಿನ ಕೊರತೆ, ಹಳ್ಳಿಯ ವಾಸ ಇರುವೆಡೆ ಪ್ರಮಾಣ ಹೆಚ್ಚು. ಧರ್ಮಕ್ಕಿಂತ ಇವು ದೊಡ್ಡ ಸುಳಿವು ಕೊಡುತ್ತವೆ.

ಮೊದಲ ವಾದ: ಇದು ಹೆಣ್ಣಿನ ಹುಟ್ಟುಗುಣವೇ?

ಈ ವಿಷಯದಲ್ಲಿ ಹೆಚ್ಚು ಕೆಲಸ ಮಾಡಿದವರಲ್ಲಿ ಅಲಿಯಾನ್ ಅಲ್-ಕ್ರೆನಾವಿ ಒಬ್ಬರು. ಇಸ್ರೇಲಿನ ನೆಗೆವ್ ಮರುಭೂಮಿಯ ಬೆಡೊಯಿನ್ ಅರಬ್ ಮಹಿಳೆಯರ ನಡುವೆ ಅವರು ಹಲವು ವರ್ಷ ಅಧ್ಯಯನ ನಡೆಸಿದರು. ಸವತಿಯಿರುವ ಮಹಿಳೆಯರಲ್ಲಿ ಖಿನ್ನತೆ, ಆತಂಕ, ಕಾರಣ ತಿಳಿಯದ ಮೈಕೈ ನೋವು ಹೆಚ್ಚು, ತಮ್ಮ ಬಗ್ಗೆ ತಮಗಿರುವ ಗೌರವ ಕಡಿಮೆ, ಸಂಸಾರದಲ್ಲಿ ತೃಪ್ತಿ ಕಡಿಮೆ ಎಂದು ಅವರಿಗೆ ಕಂಡಿತು. ಮೊದಲ ಹೆಂಡತಿಯರಲ್ಲಿ ಇದು ಎದ್ದು ಕಾಣುತ್ತಿತ್ತು. ಟರ್ಕಿಯ ಆಗ್ನೇಯ ಭಾಗದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಹೆಚ್ಚು ತೊಂದರೆ ಕಂಡದ್ದು ಹಿರಿಯ ಹೆಂಡತಿಯರಲ್ಲಿ. 2013ರಲ್ಲಿ ಮತ್ತು 2021ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ ಸಮೀಕ್ಷಾ ಲೇಖನಗಳು ಬಂದವು. ಅವುಗಳ ತೀರ್ಮಾನವೂ ಇದೇ ದಿಕ್ಕಿನಲ್ಲಿದೆ.

ಹಾಗಾದರೆ ‘ಮಾತ್ಸರ್ಯ’ ಎಂದವರ ಮಾತೇ ನಿಜವಾಯಿತಲ್ಲ ಎನ್ನಬಹುದು. ಸ್ವಲ್ಪ ನಿಧಾನಿಸೋಣ. ಈ ಅಧ್ಯಯನಗಳಲ್ಲಿ ಹೆಚ್ಚಿನವು ಒಂದೇ ಹೊತ್ತಿನಲ್ಲಿ ಎರಡು ಗುಂಪುಗಳನ್ನು ಹೋಲಿಸಿದವು. ಯಾವುದು ಮೊದಲು, ಯಾವುದು ನಂತರ ಎಂದು ಅವು ಖಚಿತವಾಗಿ ಹೇಳಲಾರವು. ಬಡತನ, ಬೇಗ ಆದ ಮದುವೆ, ಮನೆಯಲ್ಲಿನ ಹೊಡೆತ ಇವು ಬಹುಪತ್ನಿತ್ವದ ಜೊತೆಗೇ ಬರುತ್ತವೆ. ಯಾವುದರಿಂದ ಎಷ್ಟು ಹಾನಿ ಎಂದು ಬಿಡಿಸಿ ನೋಡಬೇಕಾಗುತ್ತದೆ.

ಇದಕ್ಕೊಂದು ಒಳ್ಳೆಯ ಉದಾಹರಣೆ ಟಾಂಜಾನಿಯಾದ್ದು. ಡೇವಿಡ್ ಲಾಸನ್ ಮತ್ತು ಸಂಗಡಿಗರು ಅಲ್ಲಿನ ಉತ್ತರ ಭಾಗದ 56 ಹಳ್ಳಿಗಳ ಮಾಹಿತಿ ನೋಡಿದರು. ಬಹುಪತ್ನಿತ್ವ ಹೆಚ್ಚಿರುವ ಹಳ್ಳಿಗಳಲ್ಲಿ ಮಕ್ಕಳ ಬೆಳವಣಿಗೆ ಕುಂಠಿತವಾಗಿತ್ತು, ಊಟದ ಕೊರತೆಯೂ ಇತ್ತು. ಆದರೆ ಒಂದೇ ಹಳ್ಳಿಯೊಳಗೆ ಎರಡು ಬಗೆಯ ಮನೆಗಳನ್ನು ಹೋಲಿಸಿದಾಗ ಬಹುಪತ್ನಿತ್ವದ ಮನೆಗಳು ಹಿಂದೆ ಬಿದ್ದಿರಲಿಲ್ಲ. ಹಿಂದುಳಿದದ್ದು ಇಡೀ ಹಳ್ಳಿ. 2015ರಲ್ಲಿ ಪ್ರಕಟವಾದ ಈ ಅಧ್ಯಯನ ಮಕ್ಕಳ ಪೋಷಣೆಯ ಬಗ್ಗೆ, ತಾಯಂದಿರ ಮನಸ್ಸಿನ ಬಗ್ಗೆ ಅಲ್ಲ. ಆದರೂ ಅದು ಒಂದು ಎಚ್ಚರಿಕೆ ಕೊಡುತ್ತದೆ: ಎಲ್ಲವನ್ನೂ ‘ಇಬ್ಬರು ಹೆಂಡಿರು’ ಎಂಬ ಒಂದೇ ಮಾತಿನ ತಲೆಗೆ ಕಟ್ಟುವ ಮುನ್ನ ಸುತ್ತಲಿನ ಪರಿಸ್ಥಿತಿ ನೋಡಿ.

ಹಾಗೆ ನೋಡಿದಾಗ ಮನಸ್ಸನ್ನು ಕುಗ್ಗಿಸುವ ನಾಲ್ಕು ಸಂಗತಿಗಳು ಕಾಣುತ್ತವೆ.

1. ತಿಳಿಸದೆ, ಕೇಳದೆ ಆಗುವ ಮದುವೆ. ಎಷ್ಟೋ ಸಲ ಹೆಂಡತಿಗೆ ಗೊತ್ತಾಗುವುದೇ ಊರಿಗೆಲ್ಲ ಗೊತ್ತಾದ ಮೇಲೆ. ನಂಬಿದವರಿಂದ ಆದ ಮೋಸ ಮನಸ್ಸಿಗೆ ಸಾವಿನ ದುಃಖದಷ್ಟೇ ದೊಡ್ಡ ಪೆಟ್ಟು ಕೊಡಬಲ್ಲದು.

2. ಹಂಚಿಹೋಗುವ ಸಂಪಾದನೆ. ಒಂದು ಕೂಲಿಯಲ್ಲಿ ಎರಡು ಒಲೆ ಉರಿಯಬೇಕು. ಮಕ್ಕಳ ಶಾಲೆಯ ಖರ್ಚು, ಆಸ್ಪತ್ರೆಯ ಖರ್ಚು ಯಾರಿಗೆ ಮೊದಲು ಎಂಬ ಲೆಕ್ಕ ದಿನವೂ ನಡೆಯುತ್ತದೆ. ಇದನ್ನು ಮಾತ್ಸರ್ಯ ಎಂದು ಕರೆದರೆ ಹಸಿವನ್ನು ದುರಾಸೆ ಎಂದು ಕರೆದಂತೆ.

3. ಕುಸಿಯುವ ಸ್ಥಾನ. ನಿನ್ನೆಯವರೆಗೆ ಮನೆಯ ಯಜಮಾನಿಯಾಗಿದ್ದವಳು ಇಂದು ‘ದೊಡ್ಡ ಹೆಂಡತಿ’ ಆಗುತ್ತಾಳೆ. ಮಕ್ಕಳಾಗಲಿಲ್ಲ, ಗಂಡು ಹುಟ್ಟಲಿಲ್ಲ ಎಂಬ ಕಾರಣಕ್ಕೆ ಎರಡನೇ ಮದುವೆ ನಡೆದಿದ್ದರೆ ಅದರ ಹೊಣೆಯೂ ಅವಳ ಮೇಲೆಯೇ ಬೀಳುತ್ತದೆ.

4. ಹೊರಬರಲು ದಾರಿ ಇಲ್ಲದಿರುವುದು. ಇದೇ ಎಲ್ಲಕ್ಕಿಂತ ಭಾರವಾದದ್ದು. ಕಷ್ಟ ಇದ್ದೂ ಅದರಿಂದ ತಪ್ಪಿಸಿಕೊಳ್ಳುವ ದಾರಿ ಕಾಣದ ಸ್ಥಿತಿ ಖಿನ್ನತೆಗೆ ನೇರ ರಸ್ತೆ ಎಂದು ಮನಃಶಾಸ್ತ್ರ ಬಹಳ ಹಿಂದಿನಿಂದ ಹೇಳುತ್ತಿದೆ.

ಈ ನಾಲ್ಕರಲ್ಲಿ ಒಂದೂ ಹುಟ್ಟುಗುಣವಲ್ಲ. ನಾಲ್ಕೂ ಪರಿಸ್ಥಿತಿಗಳು. ಗಂಡಸನ್ನು ಇದೇ ಪರಿಸ್ಥಿತಿಯಲ್ಲಿಟ್ಟು ನೋಡಿ, ಅವನೂ ಕುಗ್ಗುತ್ತಾನೆ. ಅವನಿಗೆ ಮಾತ್ರ ಯಾರೂ ‘ಮಾತ್ಸರ್ಯ’ ಎಂಬ ಹೆಸರಿಡುವುದಿಲ್ಲ.

ತೋಟದ ಲೈನ್ ಮನೆಯಿಂದ ನೋಡಿದರೆ

‘ದಾರಿ ಇಲ್ಲ’ ಎಂದರೇನು ಎಂಬುದು ಸಕಲೇಶಪುರ, ಆಲೂರು ಭಾಗದಲ್ಲಿ ನಿಂತು ನೋಡಿದರೆ ಚೆನ್ನಾಗಿ ಅರ್ಥವಾಗುತ್ತದೆ. ಒಂದು ಊಹೆಯ ಉದಾಹರಣೆ ತೆಗೆದುಕೊಳ್ಳೋಣ. ಕಾಫಿ ತೋಟವೊಂದರಲ್ಲಿ ಗಂಡ ಹೆಂಡತಿ ಇಬ್ಬರೂ ಕೂಲಿ. ಇರುವುದು ತೋಟದ ಲೈನ್ ಮನೆಯಲ್ಲಿ. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಬಂದು ಪಕ್ಕದ ಲೈನಿನಲ್ಲೇ ಇರಿಸುತ್ತಾನೆ.

ಲೈನ್ ಮನೆ ಕೆಲಸಕ್ಕೆ ಅಂಟಿಕೊಂಡದ್ದು. ಕೆಲಸ ಬಿಟ್ಟರೆ ಮನೆ ಇಲ್ಲ. ಅವಳು ತವರಿಗೆ ಹೋಗೋಣವೆಂದರೆ ಅಲ್ಲೂ ಇಂಥದ್ದೇ ಒಂದು ಕೋಣೆಯ ಮನೆ, ಅಣ್ಣ ಅತ್ತಿಗೆಯರ ಸಂಸಾರ. ಹಣ್ಣು ಕೊಯ್ಲಿನ ಕಾಲದಲ್ಲಿ ದಿನವೂ ಕೆಲಸ, ದಿನವೂ ಅದೇ ಸಾಲಿನಲ್ಲಿ ಸವತಿಯ ಮುಖ. ಮಳೆಗಾಲದಲ್ಲಿ ಕೆಲಸವೂ ಕಡಿಮೆ, ಹೊರಗೆ ಓಡಾಟವೂ ಕಡಿಮೆ. ಕಾಡಾನೆಗಳು ಓಡಾಡುವ ಸೀಮೆ ಇದು. ಕತ್ತಲಾದ ಮೇಲೆ ಒಬ್ಬಳೇ ತೋಟದ ರಸ್ತೆಯಲ್ಲಿ ನಡೆದು ಗೆಳತಿಯ ಮನೆಗೆ ಹೋಗುವುದೂ ಆಗದು. ಜಿಲ್ಲಾ ಕೇಂದ್ರ ಹಾಸನ ಸಕಲೇಶಪುರದಿಂದ ಸುಮಾರು 40 ಕಿಲೋಮೀಟರ್. ಅಲ್ಲಿಗೆ ಹೋಗಿ ಬರಬೇಕೆಂದರೆ ಒಂದು ದಿನದ ಕೂಲಿ ಹೋಯಿತು.

ತೋಟದ ಮಾಲೀಕರ ಮನೆಯಲ್ಲೂ ಸಂಕಟ ಬೇರೆ ರೂಪದಲ್ಲಿ ಇರಬಹುದು. ಅಲ್ಲಿ ಹಣಕ್ಕೆ ಕೊರತೆ ಇರಲಿಕ್ಕಿಲ್ಲ. ಆದರೆ “ಮನೆ ಮರ್ಯಾದೆ” ಎಂಬ ಹೆಸರಿನಲ್ಲಿ ಬಾಯಿ ಮುಚ್ಚಿಸುವುದು ಇನ್ನೂ ಬಿಗಿ. ಜಮೀನು ಯಾರಿಗೆ ಸೇರುತ್ತದೆ ಎಂಬ ಚಿಂತೆ ವರ್ಷಗಟ್ಟಲೆ ನಡೆಯುತ್ತದೆ.

ಇಂಥ ಕಡೆ ಸಂಕಟ ಬಾಯಿಂದ ಬರುವುದಕ್ಕಿಂತ ಮೈಯಿಂದ ಬರುತ್ತದೆ. ತಲೆನೋವು, ಎದೆಯುರಿ, ಸುಸ್ತು, ಮೈಯೆಲ್ಲ ಜುಮ್ಮೆನ್ನುವುದು, ಬಿಳಿ ಸೆರಗು. ಗೋವಾದಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಮಹಿಳೆಯರ ನಡುವೆ ನಡೆಸಿದ ಅಧ್ಯಯನಗಳಲ್ಲಿ ಸದಾ ಸುಸ್ತು, ಬಿಳಿ ಸೆರಗು ಎಂಬ ದೂರುಗಳಿಗೂ ಖಿನ್ನತೆ, ಆತಂಕಗಳಿಗೂ ನಂಟು ಇರುವುದು ಕಂಡಿತ್ತು. ವೈದ್ಯರು ಶಕ್ತಿ ಮಾತ್ರೆ, ಆ್ಯಸಿಡಿಟಿ ಮಾತ್ರೆ ಕೊಟ್ಟು ಕಳಿಸಿದರೆ ಮೂಲ ಕಾಯಿಲೆ ಹಾಗೇ ಉಳಿಯುತ್ತದೆ.

ಎರಡನೆಯವಳು ಸುಖವಾಗಿದ್ದಾಳೆಯೇ?

ಊರಿನ ಕತೆಯಲ್ಲಿ ಎರಡನೆಯವಳೇ ಖಳನಾಯಕಿ. ಕಾನೂನಿನ ಕಣ್ಣಿನಲ್ಲಿ ನೋಡಿದರೆ ಅವಳ ನೆಲ ಇನ್ನೂ ಸಡಿಲ.

1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಮೊದಲ ಮದುವೆ ಊರ್ಜಿತವಾಗಿರುವಾಗ ಆದ ಎರಡನೇ ಮದುವೆ ಮೊದಲಿನಿಂದಲೇ ಶೂನ್ಯ. ತಾಳಿ ಕಟ್ಟಿದ್ದರೂ, ದೇವಸ್ಥಾನದಲ್ಲಿ ಆಗಿದ್ದರೂ, “ಮೊದಲನೆಯವಳು ಒಪ್ಪಿದ್ದಾಳೆ” ಎಂದು ಪತ್ರ ಬರೆಸಿಕೊಂಡಿದ್ದರೂ ಶೂನ್ಯವೇ. ಹಾಗಾಗಿ ಎರಡನೆಯವಳು ಕಾನೂನಿನಲ್ಲಿ ಪತ್ನಿಯಲ್ಲ. 2023ರಲ್ಲಿ ಕರ್ನಾಟಕ ಹೈಕೋರ್ಟ್ ತುಮಕೂರು ಜಿಲ್ಲೆಯ ಪ್ರಕರಣವೊಂದರಲ್ಲಿ, ಇಂಥ ಎರಡನೇ ಹೆಂಡತಿಯ ದೂರಿನ ಮೇಲೆ ಗಂಡನ ವಿರುದ್ಧ ವೈವಾಹಿಕ ಕ್ರೌರ್ಯದ ಕಲಂನಲ್ಲಿ ನೀಡಿದ್ದ ಶಿಕ್ಷೆಯನ್ನು ಇದೇ ಕಾರಣಕ್ಕೆ ರದ್ದುಮಾಡಿತು. ಬೆಂಗಳೂರಿನಿಂದ ಹೋದ ಇನ್ನೊಂದು ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್, ಗಂಡಸಿಗೆ ಮದುವೆಯಾಗಿದೆ ಎಂದು ತಿಳಿದೂ ಅವನ ಜೊತೆ ಬಾಳಿದ ಮಹಿಳೆಗೆ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ರಕ್ಷಣೆ ಸಿಗದು ಎಂದಿತು. ಮೊದಲ ಮದುವೆಯನ್ನು ಮುಚ್ಚಿಟ್ಟು ಮೋಸ ಮಾಡಿದ್ದರೆ ಮಾತ್ರ ಅವಳಿಗೆ ಜೀವನಾಂಶ ಕೊಡಿಸಬೇಕು ಎಂದು ಅದೇ ವರ್ಷ ಮತ್ತೊಂದು ತೀರ್ಪಿನಲ್ಲಿ ಹೇಳಿತು.

ಮಕ್ಕಳ ವಿಷಯ ಬೇರೆ. ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ವಿರುದ್ಧ ಮಲ್ಲಿಕಾರ್ಜುನ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2023ರ ಸೆಪ್ಟೆಂಬರ್ 1ರಂದು ತೀರ್ಪು ಕೊಟ್ಟಿತು. ಶೂನ್ಯ ಮದುವೆಯಲ್ಲಿ ಹುಟ್ಟಿದ ಮಕ್ಕಳೂ ಸಕ್ರಮ ಮಕ್ಕಳೇ. ತಂದೆತಾಯಿಯ ಸ್ವಂತ ಆಸ್ತಿಯಲ್ಲಿ, ಹಾಗೆಯೇ ಕೂಡುಕುಟುಂಬದ ಆಸ್ತಿಯಲ್ಲಿ ಆ ತಂದೆಗೆ ಬರುವ ಪಾಲಿನಲ್ಲಿ ಅವರಿಗೂ ಹಕ್ಕಿದೆ.

ಅಂದರೆ ಒಬ್ಬಳಿಗೆ ಹೆಸರಿದೆ, ಸಂಸಾರ ಇಲ್ಲ. ಇನ್ನೊಬ್ಬಳಿಗೆ ಸಂಸಾರ ಇದೆ, ಹೆಸರಿಲ್ಲ. ಇಬ್ಬರೂ ಭಯದಲ್ಲೇ ಬದುಕುತ್ತಾರೆ, ಪರಸ್ಪರರನ್ನೇ ದೂರುತ್ತಾರೆ. ಭಯಕ್ಕೆ ಕಾರಣನಾದವನು ಈ ಜಗಳದ ಚಿತ್ರದಲ್ಲೇ ಇರುವುದಿಲ್ಲ. ‘ಸವತಿ ಮಾತ್ಸರ್ಯ’ ಎಂಬ ಪದದ ದೊಡ್ಡ ತೊಂದರೆ ಇದೇ: ಅದರಲ್ಲಿ ಇಬ್ಬರು ಹೆಂಗಸರಿದ್ದಾರೆ, ಗಂಡಸು ಇಲ್ಲ.

ಮುಸ್ಲಿಂ ವೈಯಕ್ತಿಕ ಕಾನೂನಿನಲ್ಲಿ ನಾಲ್ಕು ಮದುವೆಗಳವರೆಗೆ ಅವಕಾಶ ಇದೆ, ಹೆಂಡತಿಯರನ್ನು ಸಮನಾಗಿ ಕಾಣಬೇಕೆಂಬ ಷರತ್ತಿನೊಂದಿಗೆ. ಇಲ್ಲಿ ಎರಡನೆಯವಳೂ ಕಾನೂನಿನ ಪ್ರಕಾರ ಪತ್ನಿಯೇ. ಆದರೆ 2020ರಲ್ಲಿ ಕರ್ನಾಟಕ ಹೈಕೋರ್ಟಿನ ಕಲಬುರಗಿ ಪೀಠ, ಎರಡನೇ ಮದುವೆ ಕಾನೂನುಬದ್ಧವಾಗಿದ್ದರೂ ಅದು ಮೊದಲ ಹೆಂಡತಿಗೆ ಬಹಳಷ್ಟು ಸಲ ದೊಡ್ಡ ಕ್ರೌರ್ಯವಾಗುತ್ತದೆ, ಆ ಆಧಾರದ ಮೇಲೆ ಅವಳು ವಿಚ್ಛೇದನ ಕೇಳಬಹುದು ಎಂದು ಹೇಳಿತು. ಮನಸ್ಸಿಗಾದ ನೋವನ್ನು ನ್ಯಾಯಾಲಯ ಮಾತ್ಸರ್ಯ ಎಂದು ತಳ್ಳಿಹಾಕಲಿಲ್ಲ.

ಎರಡನೇ ವಾದ: ತಾನೇ ಸರಿಹೋಗುತ್ತದೆಯೇ?

ದುಃಖ ಸಹಜ. ಇಂಥ ಪೆಟ್ಟು ಬಿದ್ದಾಗ ಅಳುವುದು, ಸಿಟ್ಟಾಗುವುದು ಕಾಯಿಲೆಯಲ್ಲ. ಕೆಲವರು ಕಾಲ ಕಳೆದಂತೆ, ಮನೆಯವರ ಬೆಂಬಲದಿಂದ ಚೇತರಿಸಿಕೊಳ್ಳುತ್ತಾರೆ. ಆದರೆ ಕೆಳಗಿನ ಲಕ್ಷಣಗಳಲ್ಲಿ ಹಲವು, ದಿನದ ಹೆಚ್ಚಿನ ಹೊತ್ತು, ಎರಡು ವಾರಕ್ಕಿಂತ ಹೆಚ್ಚು ಕಾಲ ಇದ್ದರೆ ಅದು ಖಿನ್ನತೆ ಇರಬಹುದು:

• ಮನಸ್ಸು ಸದಾ ಭಾರ, ಯಾವುದರಲ್ಲೂ ಆಸಕ್ತಿ ಇಲ್ಲ
• ನಿದ್ದೆ ಬಾರದಿರುವುದು ಅಥವಾ ಸದಾ ಮಲಗಿರುವುದು
• ಹಸಿವು ತೀರಾ ಕಡಿಮೆ ಅಥವಾ ತೀರಾ ಹೆಚ್ಚು
• ಸದಾ ಸುಸ್ತು, ಸಣ್ಣ ಕೆಲಸವೂ ಬೆಟ್ಟದಂತೆ ಕಾಣುವುದು
• ಗಮನ ನಿಲ್ಲದಿರುವುದು. ನಡೆ ನುಡಿ ನಿಧಾನವಾಗುವುದು ಅಥವಾ ಕೂತಲ್ಲಿ ಕೂರಲಾಗದ ಚಡಪಡಿಕೆ
• ತಾನು ಯಾವುದಕ್ಕೂ ಬಾರದವಳು, ಎಲ್ಲ ತನ್ನದೇ ತಪ್ಪು ಎನ್ನಿಸುವುದು
• ಬದುಕಿರಬಾರದು ಎಂಬ ಯೋಚನೆ

ಕೊನೆಯದು ಒಂದೇ ಇದ್ದರೂ ಎರಡು ವಾರ ಕಾಯಬಾರದು, ಅಂದೇ ಸಹಾಯ ಪಡೆಯಬೇಕು.

ಖಿನ್ನತೆ ಚಿಕಿತ್ಸೆಯಿಲ್ಲದೆ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಹೋದದ್ದು ಮರಳಿ ಬರುವುದೂ ಇದೆ. ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಖಿನ್ನತೆ, ಆತಂಕದಂಥ ಸಾಮಾನ್ಯ ಮಾನಸಿಕ ಕಾಯಿಲೆ ಇದ್ದವರಲ್ಲಿ ಸುಮಾರು ಶೇ 85ರಷ್ಟು ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. “ತಾನೇ ಸರಿಹೋಗುತ್ತೆ” ಎಂಬ ಮಾತಿನ ಬೆಲೆ ಇದು.

ಇನ್ನಷ್ಟು ನಂಬಿಕೆಗಳು, ವಾಸ್ತವಗಳು

ನಂಬಿಕೆ: ಗಂಡುಮಗು ಬೇಕೆಂದರೆ ಇನ್ನೊಂದು ಮದುವೆಯಾಗಬೇಕು.
ವಾಸ್ತವ: ಮಗು ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದು ತಂದೆಯ ವೀರ್ಯಾಣು. ಅಂಡಾಣುವಿನಲ್ಲಿ ಇರುವುದು ಎಕ್ಸ್ ವರ್ಣತಂತು ಮಾತ್ರ. ವೀರ್ಯಾಣು ಎಕ್ಸ್ ತಂದರೆ ಹೆಣ್ಣು, ವೈ ತಂದರೆ ಗಂಡು. ಹೆಂಡತಿ ಬದಲಾದರೆ ಈ ಲೆಕ್ಕ ಬದಲಾಗದು.

ನಂಬಿಕೆ: ಮಕ್ಕಳಾಗದಿದ್ದರೆ ದೋಷ ಹೆಂಡತಿಯದು.
ವಾಸ್ತವ: ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಇರುತ್ತದೆ. ವೀರ್ಯ ಪರೀಕ್ಷೆ ಸರಳ, ನೋವಿಲ್ಲದ್ದು, ಹೆಂಗಸಿಗೆ ಮಾಡುವ ಹಲವು ಪರೀಕ್ಷೆಗಳಿಗಿಂತ ಅಗ್ಗ. ಮೊದಲು ಅದನ್ನು ಮಾಡಿಸಿ. ‘ಬಂಜೆ’ ಎಂಬ ಪದವನ್ನು ಕೈಬಿಡಿ. ಮಗುವಾಗಲಿಲ್ಲ, ಗಂಡುಮಗು ಆಗಲಿಲ್ಲ ಎಂದು ಹೀಯಾಳಿಸುವುದನ್ನು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ದೌರ್ಜನ್ಯವೆಂದೇ ಹೆಸರಿಸಿದೆ.

ನಂಬಿಕೆ: ಸವತಿ ಮಾಟ ಮಾಡಿಸಿದ್ದಕ್ಕೇ ಹೀಗಾಗಿದ್ದಾಳೆ.
ವಾಸ್ತವ: ಮೈಮೇಲೆ ಬಂದಂತೆ ಆಡುವುದು, ಮೂರ್ಛೆ ಹೋದಂತೆ ಬೀಳುವುದು, ಮಾತು ನಿಂತುಹೋಗುವುದು ತೀವ್ರ ಮಾನಸಿಕ ಒತ್ತಡದ ಲಕ್ಷಣಗಳೂ ಆಗಿರಬಹುದು. ಟರ್ಕಿಯ ಅಧ್ಯಯನದಲ್ಲಿ ಹಿರಿಯ ಹೆಂಡತಿಯರಲ್ಲಿ ಹೆಚ್ಚು ಕಂಡದ್ದು ಈ ಬಗೆಯ ತೊಂದರೆಗಳೇ. ಮೂರ್ಛೆರೋಗ ಅಲ್ಲವೆಂದು ವೈದ್ಯರಿಂದ ಖಚಿತಪಡಿಸಿಕೊಳ್ಳಬೇಕು. ದೆವ್ವ ಬಿಡಿಸುವ ಹೆಸರಿನಲ್ಲಿ ಹೊಡೆಯುವುದು ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆಯಡಿ ಅಪರಾಧ.

ನಂಬಿಕೆ: ಗಂಡನಿಗಾಗಿ ತನ್ನನ್ನೇ ಬಲಿ ಕೊಡುವುದು ದೊಡ್ಡ ಗುಣ. ಶಾಂತಲೆಯೂ ಹಾಗೇ ಮಾಡಿದಳು.
ವಾಸ್ತವ: ರಾಜನಿಗೆ ಮತ್ತೊಂದು ಮದುವೆಗೆ ದಾರಿಯಾಗಲೆಂದು ಶಾಂತಲೆ ಪ್ರಾಣ ಕೊಟ್ಟಳು ಎಂಬುದು ಜನಪ್ರಿಯ ಕತೆ. ಅವಳು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು ಎಂದು ಶಾಸನ ತಿಳಿಸುತ್ತದೆ, ಈ ತ್ಯಾಗದ ಕತೆ ಹೇಳುವುದಿಲ್ಲ. ಅವಳು ಬಸದಿ ಕಟ್ಟಿಸಿದವಳು, ದಾನ ದತ್ತಿ ಕೊಟ್ಟವಳು. ಅವಳ ಹೆಸರಿನಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಸಾವಿನ ಪಾಠ ಹೇಳುವುದು ಬೇಡ.

ನಂಬಿಕೆ: ಖಿನ್ನತೆಯ ಮಾತ್ರೆ ತಿಂದರೆ ಚಟ ಅಂಟುತ್ತದೆ.
ವಾಸ್ತವ: ಖಿನ್ನತೆಗೆ ಕೊಡುವ ಮುಖ್ಯ ಔಷಧಗಳು ಚಟ ಹಿಡಿಸುವಂಥವಲ್ಲ. ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ವೈದ್ಯರನ್ನು ಕೇಳದೆ ಏಕಾಏಕಿ ನಿಲ್ಲಿಸಬಾರದು. ಅಭ್ಯಾಸವಾಗಬಹುದಾದದ್ದು ಕೆಲವು ನಿದ್ದೆ ಮಾತ್ರೆಗಳು. ಅವನ್ನು ಅಂಗಡಿಯಲ್ಲಿ ತಾವೇ ಕೇಳಿ ತರಬಾರದು.

ಚಿಕಿತ್ಸೆ ಎಂದರೆ ಮಾತ್ರೆ ಒಂದೇ ಅಲ್ಲ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತರಬೇತಿ ಪಡೆದ ಸಾಮಾನ್ಯ ಸಲಹೆಗಾರರು ಆರರಿಂದ ಎಂಟು ಭೇಟಿಗಳಲ್ಲಿ ನೀಡಿದ ಮಾತಿನ ಚಿಕಿತ್ಸೆ ಖಿನ್ನತೆ ಇಳಿಸಿತು ಎಂದು 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿಯಾಯಿತು. ಮನಸ್ಸಿಗೆ ಹಿತವೆನಿಸುವ, ಅರ್ಥವೆನಿಸುವ ಸಣ್ಣ ಕೆಲಸಗಳನ್ನು ದಿನಕ್ಕಿಷ್ಟು ಎಂದು ಮರಳಿ ಹಿಡಿಸುವುದು ಅದರ ತಿರುಳು.

ಆದರೆ ಒಂದು ಮಾತು ಸ್ಪಷ್ಟವಾಗಿರಲಿ. ಮಾತ್ರೆ ಖಿನ್ನತೆಯನ್ನು ಇಳಿಸುತ್ತದೆ, ಮನೆ ಕೊಡಿಸುವುದಿಲ್ಲ. ಚಿಕಿತ್ಸೆಯ ಜೊತೆಗೆ ಬದುಕಿನ ದಾರಿಯೂ ತೆರೆಯಬೇಕು.

ಎಲ್ಲಿಗೆ ಹೋಗಬೇಕು, ಏನು ಕೇಳಬೇಕು?

ಆರೋಗ್ಯಕ್ಕೆ: ದೂರವಾಣಿ 14416, ಅಂದರೆ ಟೆಲಿ ಮನಸ್. ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ ಹುಟ್ಟಿದ್ದೇ ನಮ್ಮ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ. ಅದರ ಅಂಗವಾಗಿ ತಾಲ್ಲೂಕು ಆಸ್ಪತ್ರೆಗಳಲ್ಲಿ ‘ಮನೋಚೈತನ್ಯ’ ಕ್ಲಿನಿಕ್ ಮಂಗಳವಾರ ನಡೆಯುವಂತೆ ರೂಪಿಸಲಾಗಿದೆ. ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆ ಅಥವಾ ಆಲೂರು ತಾಲ್ಲೂಕು ಆಸ್ಪತ್ರೆಗೆ ಹೋಗುವ ಮುನ್ನ ದಿನವನ್ನು ಆಶಾ ಕಾರ್ಯಕರ್ತೆಯ ಮೂಲಕ ಖಚಿತಪಡಿಸಿಕೊಳ್ಳಿ. ಹೆಚ್ಚಿನ ಚಿಕಿತ್ಸೆಗೆ ಹಾಸನದ ಹಿಮ್ಸ್ ಆಸ್ಪತ್ರೆ ಇದೆ.

ಸುರಕ್ಷತೆಗೆ: ಮಹಿಳಾ ಸಹಾಯವಾಣಿ 181. ಹಿಂಸೆ ನಡೆಯುತ್ತಿದ್ದರೆ 112. ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಗಂಡನ ಜೊತೆ ಸಂಸಾರ ಮಾಡಿದ ಮನೆಯಲ್ಲಿ ವಾಸಿಸುವ ಹಕ್ಕು ಹೆಂಡತಿಗಿದೆ, ಮನೆ ಅವಳ ಹೆಸರಿನಲ್ಲಿ ಇಲ್ಲದಿದ್ದರೂ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಈ ಕಾಯ್ದೆಯ ಸಂರಕ್ಷಣಾಧಿಕಾರಿ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಕಚೇರಿ ತೋರಿಸುತ್ತಾರೆ.

ಜೀವನಾಂಶಕ್ಕೆ: ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ, ಹಿಂದಿನ 125ನೇ ಕಲಂ. ಗಂಡ ಇನ್ನೊಂದು ಮದುವೆಯಾಗಿದ್ದರೆ ಅಥವಾ ಇನ್ನೊಬ್ಬಳನ್ನು ಇಟ್ಟುಕೊಂಡಿದ್ದರೆ, ಅವನ ಜೊತೆ ಬಾಳಲು ಒಲ್ಲೆ ಎನ್ನಲು ಅದೇ ಸಾಕಷ್ಟು ಕಾರಣ. “ಮನೆ ಬಿಟ್ಟು ಹೋದವಳಿಗೆ ಏನೂ ಸಿಗಲ್ಲ” ಎಂಬ ಮಾತನ್ನು ನಂಬಬೇಡಿ.

ದ್ವಿವಿವಾಹದ ದೂರಿಗೆ: ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಂ. ಏಳು ವರ್ಷದವರೆಗೆ, ಮೊದಲ ಮದುವೆ ಮುಚ್ಚಿಟ್ಟಿದ್ದರೆ ಹತ್ತು ವರ್ಷದವರೆಗೆ ಶಿಕ್ಷೆ ಇದೆ. ಹೆಂಡತಿ, ಅವಳ ಪರವಾಗಿ ಹತ್ತಿರದ ರಕ್ತಸಂಬಂಧಿಗಳು ಮ್ಯಾಜಿಸ್ಟ್ರೇಟ್ ಮುಂದೆ ದೂರು ಕೊಡಬಹುದು. ಎರಡನೇ ಮದುವೆ ಶಾಸ್ತ್ರೋಕ್ತವಾಗಿ ನಡೆದದ್ದನ್ನು ಸಾಬೀತು ಮಾಡಬೇಕೆಂದು 1965ರಲ್ಲೇ ಸುಪ್ರೀಂ ಕೋರ್ಟ್ ಹೇಳಿರುವುದರಿಂದ ಫೋಟೊ, ಲಗ್ನಪತ್ರಿಕೆ, ಸಾಕ್ಷಿಗಳನ್ನು ಕಾಪಾಡಿಟ್ಟುಕೊಳ್ಳಿ.

ವಕೀಲರಿಗೆ: 15100ಕ್ಕೆ ಕರೆ ಮಾಡಿ, ಅಥವಾ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ. ಆದಾಯ ಎಷ್ಟೇ ಇರಲಿ, ಎಲ್ಲ ಮಹಿಳೆಯರಿಗೂ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾಯ್ದೆ ಹೇಳುತ್ತದೆ.

ಆಧಾರ್, ಬ್ಯಾಂಕ್ ಪಾಸ್‌ಬುಕ್, ಪಡಿತರ ಚೀಟಿ, ಮಕ್ಕಳ ಜನನ ಪ್ರಮಾಣಪತ್ರಗಳನ್ನು ಹೆಂಡತಿ ತನ್ನ ಕೈಯಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು. ಕೂಲಿ ತನ್ನ ಖಾತೆಗೇ ಬರಲಿ. ಗೃಹಲಕ್ಷ್ಮಿಯ 2,000 ರೂಪಾಯಿ ಹೋಗುವುದು ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ಹೆಸರಿರುವವರಿಗೆ. ಹಾಗಾಗಿ ಆ ಚೀಟಿಯಲ್ಲಿ ಯಾರ ಹೆಸರಿದೆ ಎಂದು ನೋಡಿಕೊಳ್ಳಿ.

ಪಕ್ಕದ ಮನೆಯವರು ಏನು ಮಾಡಬಹುದು?

ಪಕ್ಕದ ಲೈನಿನಲ್ಲಿ ಇಂಥ ಅಕ್ಕನೋ ತಂಗಿಯೋ ಇದ್ದರೆ ಬುದ್ಧಿ ಹೇಳುವ ಮುನ್ನ ಕೂತು ಕೇಳಿ. “ಊಟ ಆಯ್ತಾ? ನಿದ್ದೆ ಬರ್ತಿದೆಯಾ?” ಎಂದು ಶುರುಮಾಡಿ. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುವುದಿಲ್ಲ. ಕೇಳಿದರೆ ಮನಸ್ಸು ಹಗುರವಾಗುತ್ತದೆ. ಹೌದು ಎಂದರೆ ಒಬ್ಬಳನ್ನೇ ಬಿಡಬೇಡಿ, 14416ಕ್ಕೆ ಜೊತೆಯಲ್ಲೇ ಕೂತು ಕರೆ ಮಾಡಿ. ತೋಟಕ್ಕೆ ಹೊಡೆಯುವ ಔಷಧಿಯನ್ನು ಯಾವ ಮನೆಯೊಳಗೂ ಇಡದೆ ಸ್ಟೋರಿನಲ್ಲಿ ಬೀಗ ಹಾಕಿ ಇಡುವುದು ತೋಟದ ಮಾಲೀಕರು, ರೈಟರ್‌ಗಳು ಮಾಡಬಹುದಾದ ಸರಳ ಕೆಲಸ. ಜೀವ ಉಳಿಸುವ ಕ್ರಮ ಇದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಆತ್ಮಹತ್ಯೆಗೆ ಯತ್ನಿಸಿದವರನ್ನು ಶಿಕ್ಷಿಸುವಂತಿಲ್ಲ, ಅವರಿಗೆ ಚಿಕಿತ್ಸೆ ಕೊಡಬೇಕು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆ. ಆದ್ದರಿಂದ ಪೊಲೀಸರ ಭಯದಿಂದ ಆಸ್ಪತ್ರೆಗೆ ತಡಮಾಡಬೇಡಿ.

ಕೊನೆಗೆ

ಎರಡು ವಾದಗಳನ್ನು ಹಿಡಿದು ಹೊರಟಿದ್ದೆವು. ಸವತಿ ಬಂದ ಮನೆಯ ಹೆಣ್ಣಿನ ಸಂಕಟ ಹುಟ್ಟುಗುಣ ಎಂಬುದಕ್ಕೆ ಪುರಾವೆ ಇಲ್ಲ, ಅದು ಪರಿಸ್ಥಿತಿಯ ಫಲ ಎಂಬುದಕ್ಕೆ ಸಾಕಷ್ಟಿದೆ. ತಾನೇ ಸರಿಹೋಗುತ್ತದೆ ಎಂಬುದು ಕೆಲವರ ಪಾಲಿಗೆ ನಿಜ, ಖಿನ್ನತೆಗೆ ಜಾರಿದವರ ಪಾಲಿಗೆ ಅಪಾಯದ ಮಾತು. ಮುಂದಿನ ಸಲ ಯಾರಾದರೂ “ಸವತಿ ಮಾತ್ಸರ್ಯ ಕಣಮ್ಮ” ಎಂದರೆ, ಅವಳು ಎಷ್ಟು ದಿನದಿಂದ ನಿದ್ದೆ ಮಾಡಿಲ್ಲ ಎಂದು ಒಮ್ಮೆ ಕೇಳಿ ನೋಡಿ.